ಬೆರಳಿಗೆ ಗೆರೆ ಬರುವ ತನಕ

ತಮ್ಮನ ವೀಸಾ ಅರ್ಜಿಯ ಶುಲ್ಕಕ್ಕೆ, ಬಟ್ಟೆಯ ಅಂಚು ಹೊಲಿಯುವ ನನ್ನ ಓವರ್‌ಲಾಕ್ ಯಂತ್ರ ಹೋಯಿತು. ವೈದ್ಯಕೀಯ ತಪಾಸಣೆಗೆ ಕಿವಿಯ ಓಲೆ ಹೋಯಿತು. ಅವನ ಮದುವೆಯ ಪತ್ರವನ್ನು ಹೆಂಡತಿ ಇರುವ ದೇಶದ ಭಾಷೆಗೆ ಅನುವಾದ ಮಾಡಿಸಿ ಮೊಹರು ಹಾಕಿಸಲು ಒಂದು ಶಾಲೆಯ ಅಷ್ಟೂ ಸಮವಸ್ತ್ರ ಹೊಲಿದ ದುಡ್ಡು ಬೇಕಾಯಿತು. ಎರಡೇ ಪುಟದ ಪತ್ರ ಅದು, ಪುಟಕ್ಕೆ ಅರ್ಧ ಶಾಲೆ. ಏಜೆಂಟನಿಗೆ ಕೊಟ್ಟದ್ದನ್ನು ನಾನು ಲೆಕ್ಕ ಹಾಕಿಲ್ಲ. ಬೆರಳು ತೋರಿಸಿದರೆ ಹಸ್ತ ನುಂಗುವವನ ಹತ್ತಿರ ಲೆಕ್ಕ ಇಟ್ಟು ಏನು ಪ್ರಯೋಜನ? ಫೋಟೋಗೆ ಮಾತ್ರ ಖರ್ಚು ಕಡಿಮೆ. ಆದರೆ ಅದನ್ನೂ ಮೂರು ಕಡೆ ತೆಗೆಸಬೇಕಾಯಿತು, ಯಾಕೆಂದರೆ ನನ್ನ ತಮ್ಮ ಪ್ರತಿ ಸಲವೂ ಕಳ್ಳನ ಹಾಗೆ ಬೀಳುತ್ತಿದ್ದ.

"ಫೋಟೋದವನ ತಪ್ಪು ಅಕ್ಕಾ ಅದು."

"ಮೂರು ಫೋಟೋದವರೂ ಮಾತಾಡ್ಕೊಂಡು ತಪ್ಪು ಮಾಡಿದ್ರೇನೋ?"

ತಮ್ಮ ನೆಲಕ್ಕೆ ಟೈಲ್ಸ್ ಹಾಕುವವನು. ಬೀದಿಯವರೆಲ್ಲ ಅವನನ್ನು ರಸಮಟ್ಟ ಎಂದೇ ಕರೆಯುತ್ತಾರೆ. ನೆಲ ಸಮ ಇದೆಯೋ ಇಲ್ಲವೋ ನೋಡಲು, ಒಳಗೆ ಗಾಳಿಯ ಗುಳ್ಳೆ ಓಡಾಡುವ ಆ ಸಾಧನ ಸದಾ ಅವನ ಜೇಬಿನಲ್ಲಿರುತ್ತದೆ. ಯಾರ ಮನೆಗೆ ಹೋದರೂ ಕೂರುವ ಮೊದಲು ನೆಲ ನೋಡುತ್ತಾನೆ. ನನ್ನ ಹೊಲಿಗೆ ಅಂಗಡಿಯ ಬಟ್ಟೆ ಕತ್ತರಿಸುವ ಮೇಜು ಕೂದಲೆಳೆಯಷ್ಟು ವಾಲಿದೆ ಎಂದು ಅದರ ಒಂದು ಕಾಲಿನ ಕೆಳಗೆ ರಟ್ಟು ಇಟ್ಟವನು ಅವನೇ. ತನ್ನ ಬಾಳಿನಲ್ಲಿದ್ದ ಒಂದು ವಾಲಿಕೆಗೂ ಅವನು ಹಾಗೇ ವರ್ಷಗಟ್ಟಲೆ ರಟ್ಟು ಇಡುತ್ತಾ ಬಂದಿದ್ದ.

ಅವನ ಹೆಂಡತಿ ಮೊದಲು ನನ್ನ ಅಂಗಡಿಗೆ ಕೆಲಸ ಕಲಿಯಲು ಬಂದವಳು. ಕಾಜಾ ಹೊಲಿಯುವುದರಲ್ಲಿ ಒಂದೇ ವರ್ಷದಲ್ಲಿ ನನ್ನನ್ನು ಮೀರಿಸಿದಳು. ಮಾತಿನಲ್ಲಿ ಬಂದ ದಿನವೇ ಮೀರಿಸಿದ್ದಳು. ಆರು ವರ್ಷದ ಹಿಂದೆ ಇಬ್ಬರಿಗೂ ಮದುವೆ ಮಾಡಿದೆ. ಅಲ್ಲಿಯವರೆಗೆ ಅಕ್ಕ ಎನ್ನುತ್ತಿದ್ದವಳು ಮಾರನೆಯ ದಿನದಿಂದ ಅತ್ತಿಗೆ ಎನ್ನತೊಡಗಿದಳು. ಆ ವರ್ಷವೇ ಅವಳ ಚಿಕ್ಕಮ್ಮ ತಾನಿರುವ ದೇಶದ ಬ್ರೆಡ್ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ ಕೊಡಿಸಿದಳು. "ನಾನು ಮುಂದೆ ಹೋಗಿರ್ತೀನಿ, ನೀವು ಹಿಂದೆ ಬನ್ನಿ" ಎಂದು ಗಂಡನಿಗೆ ಹೇಳಿ ಹೋದಳು. ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ ಸಿಗುತ್ತಿತ್ತು, ಬಂದು ಹೋಗುತ್ತಿದ್ದಳು.

ಇವನು ಮಾತ್ರ ಹಿಂದೆ ಹೋಗಲೇ ಇಲ್ಲ. ಒಂದು ವರ್ಷ ದೊಡ್ಡ ಕಟ್ಟಡ ಒಪ್ಪಿಕೊಂಡಿದ್ದೇನೆ ಎಂದ. ಮತ್ತೊಂದು ವರ್ಷ ಸೊಂಟ ಹಿಡಿದುಕೊಂಡಿದೆ ಎಂದ. ಆಮೇಲಿನ ವರ್ಷಗಳಲ್ಲಿ ಏನು ಹೇಳಿಕೊಂಡು ಬಂದಿದ್ದ ಎನ್ನುವುದು ನನಗೆ ತಡವಾಗಿ ಗೊತ್ತಾಯಿತು.

ಈ ವರ್ಷ ಅವಳು ಫೋನಿನಲ್ಲಿ ನೇರವಾಗಿ ಹೇಳಿಬಿಟ್ಟಳು. ಫೋನು ನನ್ನ ಯಂತ್ರದ ಪಕ್ಕದಲ್ಲೇ ಇತ್ತು, ಎಲ್ಲ ಕೇಳಿಸಿತು.

"ನೋಡ್ರೀ, ನನಗೆ ಮೂವತ್ತೇಳಾಯ್ತು. ಮಗು ಬೇಕು ಅಂದ್ರೆ ಇನ್ನು ತಡ ಮಾಡೋ ಹಾಗಿಲ್ಲ ಅಂತ ಡಾಕ್ಟ್ರು ಹೇಳಿದಾರೆ. ವರ್ಷಕ್ಕೊಂದ್ಸಲ ನೆಂಟರ ಹಾಗೆ ಸಿಗೋ ಗಂಡ ಹೆಂಡ್ತಿಗೆ ಎಲ್ಲಿಂದ ಮಗು? ಇಬ್ಬರಿಗೆ ಅಂತ ರೂಮು ಹಿಡ್ದು ಒಬ್ಬಳೇ ಬಾಡಿಗೆ ಕಟ್ತಿದೀನಿ. ಬಾಗಿಲ ಹಿಂದೆ ಎರಡು ಮೊಳೆ ಹೊಡ್ದಿದೀನಿ. ಒಂದ್ರಲ್ಲಿ ನನ್ನ ಕೋಟು, ಇನ್ನೊಂದು ಐದು ವರ್ಷದಿಂದ ಬೋಳು. ಈ ಸಲ ಅರ್ಜಿ ಹಾಕಿ. ಇಲ್ಲಾಂದ್ರೆ ನಿಮ್ಮ ದಾರಿ ನಿಮಗೆ, ನನ್ನ ದಾರಿ ನನಗೆ. ಅಳೋಕೆ ಫೋನ್ ಮಾಡಿಲ್ಲ, ಹೇಳೋಕೆ ಮಾಡಿದೀನಿ."

ಫೋನ್ ಇಟ್ಟ ಮೇಲೆ ತಮ್ಮ ಜೇಬಿನಿಂದ ರಸಮಟ್ಟ ತೆಗೆದು ನನ್ನ ಇಸ್ತ್ರಿ ಹಲಗೆಯ ಮೇಲಿಟ್ಟು ನೋಡುತ್ತಾ ಕೂತ. ಹಲಗೆ ಸರಿಯಾಗೇ ಇತ್ತು.

ಏಜೆಂಟನ ಕಚೇರಿ ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಅವನನ್ನು ಎಲ್ಲರೂ ಟೈ ಎನ್ನುತ್ತಾರೆ. ಕೊರಳಿಗೆ ಟೈ, ಕಾಲಿಗೆ ಸ್ನಾನದ ಮನೆಯ ಚಪ್ಪಲಿ. ಮೇಜಿನಾಚೆ ಕೂತವರಿಗೆ ಕಾಲು ಕಾಣುವುದಿಲ್ಲ ಎಂದು ಅವನ ನಂಬಿಕೆ. ದರ್ಜಿಯವಳಿಗೆ ಮೊದಲು ಕಾಣುವುದೇ ಪ್ಯಾಂಟಿನ ಅಂಚು. ಅವನದ್ದು ಬಿಚ್ಚಿಕೊಂಡಿತ್ತು, ಗಮ್ ಟೇಪು ಅಂಟಿಸಿದ್ದ. ತನ್ನ ಅಂಚನ್ನೇ ಟೇಪಿನಲ್ಲಿ ನಿಲ್ಲಿಸಿಕೊಂಡವನು ನಮ್ಮದನ್ನು ಏನು ಹೊಲಿದಾನು ಎಂದು ಆಗಲೇ ಅನ್ನಿಸಿತ್ತು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ಟೈ ಅರ್ಜಿಯ ಪ್ರಶ್ನೆಗಳನ್ನು ಒಂದೊಂದಾಗಿ ಓದುತ್ತಾ ತುಂಬುತ್ತಿದ್ದ.

"ಈ ಹಿಂದೆ ಯಾವ ದೇಶದಿಂದಾದ್ರೂ ನಿಮ್ಮನ್ನ ಹೊರಗೆ ಹಾಕಿದಾರಾ?"

ತಮ್ಮ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

"ಹಾಕಿದಾರೆ" ಎಂದ. "ಅದೇ ದೇಶದಿಂದ."

ಒಂಬತ್ತು ವರ್ಷದ ಹಿಂದಿನ ಮಾತು. ಕಟ್ಟಡದ ಕೆಲಸಕ್ಕೆ ಎಂದು ಕಾಂಟ್ರಾಕ್ಟರ್ ಒಬ್ಬ ಇವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಎಲ್ಲರ ಪಾಸ್‌ಪೋರ್ಟೂ ತನ್ನ ಬಳಿಯೇ ಇಟ್ಟುಕೊಂಡಿದ್ದವನು ಒಂದು ದಿನ ಅವುಗಳ ಸಮೇತ ಪರಾರಿಯಾದ. ವೀಸಾದ ಅವಧಿ ಮುಗಿಯಿತು. ಹೋಗಲು ಮಾಡಿದ ಸಾಲ ತೀರಿರಲಿಲ್ಲ, ವಾಪಸ್ ಬರಲು ಟಿಕೆಟ್ಟಿಗೂ ದುಡ್ಡಿರಲಿಲ್ಲ. ಸಿಕ್ಕಿದ ಕಡೆ ಟೈಲ್ಸ್ ಹಾಕುತ್ತಾ ಅಡಗಿಕೊಂಡಿದ್ದ. ಕೊನೆಗೆ ಹಿಡಿದರು, ಹತ್ತು ಬೆರಳಿನ ಅಚ್ಚು ತೆಗೆದುಕೊಂಡರು, ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡು ವಿಮಾನ ಹತ್ತಿಸಿದರು. ಮನೆಗೆ ಬಂದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಈ ರಸಮಟ್ಟ.

ಟೈ ಪೆನ್ನು ಕಿವಿಗೆ ಸಿಕ್ಕಿಸಿಕೊಂಡ. "ಬಾಸ್, ಇದನ್ನ ಬರೆದ್ರೆ ಅರ್ಜಿ ಹಾಕೋ ಬದ್ಲು ಆ ದುಡ್ಡನ್ನ ಚರಂಡಿಗೆ ಹಾಕಬಹುದು. ಪಾಸ್‌ಪೋರ್ಟ್ ಹೊಸದು. ನಿನ್ನ ಹೆಸರಿನವರು ಅಲ್ಲಿ ಸಾವಿರ ಜನ ಇದಾರೆ. ಹಳೇ ಬೆರಳನ್ನ ಯಾರು ತೆಗೆದು ನೋಡ್ತಾರೆ? 'ಇಲ್ಲ' ಅಂತ ಹಾಕ್ತೀನಿ."

"ಅವರು ನೋಡಿದ್ರೆ?" ಎಂದೆ ನಾನು.

"ಅಮ್ಮಾ, ನೀವು ಬಟ್ಟೆ ಹೊಲೀರಿ. ಇದು ಬೇರೆ ಹೊಲಿಗೆ."

ತಮ್ಮ ಜೇಬಿನ ರಸಮಟ್ಟ ಮುಟ್ಟಿ ನೋಡಿಕೊಂಡ. ಟೈ 'ಇಲ್ಲ' ಎಂದು ಗುರುತು ಹಾಕಿದ. ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ಕೇಳಿದೆ.

"ಹೆಂಡ್ತಿಗೆ ಇದು ಗೊತ್ತಿದೆ ತಾನೇ?"

ಅವನು ನಡೆಯುತ್ತಲೇ ಇದ್ದ. ನಾನು ಅಂಗಿಯ ಕಾಲರ್ ಹಿಡಿದು ನಿಲ್ಲಿಸಿದೆ. ಆ ಕಾಲರ್ ನಾನೇ ಹೊಲಿದದ್ದು, ಕಿತ್ತು ಬರುವುದಿಲ್ಲ ಎಂದು ಗೊತ್ತು.

"ಮದುವೆ ಮುಂಚೆ ಕೇಳಿದ್ಲು, ಯಾಕೆ ವಾಪಸ್ ಬಂದೆ ಅಂತ. ಕಾಂಟ್ರಾಕ್ಟ್ ಮುಗೀತು ಅಂದೆ. ಆಮೇಲೆ ಅವಳು ಅದೇ ದೇಶಕ್ಕೆ ಹೊರಟ್ಲು. ಆಗ ಹೇಳೋಣ ಅಂದ್ಕೊಂಡೆ. ಎಷ್ಟು ಖುಷಿಯಾಗಿದ್ಲು ಅಂದ್ರೆ, ನಿಮಗೆ ದಾರಿ ಎಲ್ಲ ಗೊತ್ತಿರುತ್ತೆ ನೀವೇ ನನಗೆ ಊರು ತೋರಿಸ್ಬೇಕು ಅಂದ್ಲು. ಬಾಯಿ ಬರಲಿಲ್ಲ ಅಕ್ಕಾ. ಮೊದಲ ಸಾಲು ವಾರೆ ಹೋದ್ರೆ ಮುಂದಿನ ಸಾಲೆಲ್ಲ ವಾರೆನೇ."

"ಹಾಗಾದ್ರೆ ಕಿತ್ತು ಹಾಕು."

"ಸಿಮೆಂಟ್ ಗಟ್ಟಿಯಾದ್ಮೇಲೆ ಕಿತ್ರೆ ಟೈಲ್ಸೇ ಒಡೆದುಹೋಗುತ್ತೆ."

"ಶಿಕ್ಷೆ ಎಷ್ಟು ವರ್ಷಕ್ಕೆ ಹಾಕಿದ್ರೋ ನಿನಗೆ?"

"ವರ್ಷ ಎಲ್ಲಿಂದ ಬಂತು? ಅಲ್ಲಿ ಕೂಡಿ ಹಾಕಿದ್ರಲ್ಲ, ನಮ್ಮ ಜೊತೆ ಒಬ್ಬ ಹಿರೀ ಗಾರೆಯವನಿದ್ದ. ಎಲ್ಲ ಕಂಡೋನು. ಬೆರಳು ಕೊಟ್ಟೋನು ಈ ನೆಲದ ಪಾಲಿಗೆ ಸತ್ತ ಹಾಗೆ, ಸಾಯೋವರೆಗೂ ಇಲ್ಲಿ ಮತ್ತೆ ಕಾಲಿಡೋ ಹಾಗಿಲ್ಲ ಅಂದ. ನಾವೆಲ್ಲ ಅತ್ವಿ."

ಹೆಂಡತಿಗೆ ಹೇಳು ಎಂದೆ. ಹೇಳುತ್ತೇನೆ ಎಂದ. ಅವನ ಆ 'ಹೇಳ್ತೀನಿ' ನಾಳೆ ಬಾ ಎಂದು ಗೋಡೆಗೆ ಬರೆದ ಹಾಗೆ, ಯಾವತ್ತು ಓದಿದರೂ ನಾಳೆಯೇ.

ಬೆರಳಚ್ಚು ಕೊಡುವ ಕೇಂದ್ರದಲ್ಲಿ ಕುರ್ಚಿಗಳನ್ನೆಲ್ಲ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದರು. ತಮ್ಮ ಸರದಿ ಕಾಯುವಾಗ ನೆಲ ನೋಡಿ, "ಮೂಲೆ ಟೈಲ್ಸ್ ಒಳಗೆ ಪೊಳ್ಳು" ಎಂದ. ಅಷ್ಟೇ ಅವನು ಆ ದಿನ ತಾನಾಗಿ ಆಡಿದ ಮಾತು. ಕೌಂಟರಿನ ಹುಡುಗಿ ಗಾಜಿನ ಮೇಲೆ ಬೆರಳಿಡಲು ಹೇಳಿದಳು. ಇಟ್ಟ. ಕೆಂಪು ದೀಪ ಬಂತು. ಒರೆಸಿ ಇಟ್ಟ. ಮತ್ತೆ ಕೆಂಪು. ಹುಡುಗಿ ಅವನ ಕೈ ಹಿಡಿದು ತಿರುಗಿಸಿ ನೋಡಿದಳು.

"ಅಣ್ಣಾ, ನಿಮಗೆ ಬೆರಳೇ ಇಲ್ವಲ್ಲ!"

ಬೆರಳಿತ್ತು, ಗೆರೆ ಇರಲಿಲ್ಲ. ಇಷ್ಟು ವರ್ಷದ ಸಿಮೆಂಟು, ಸುಣ್ಣ, ಟೈಲ್ಸ್ ಕತ್ತರಿಸುವ ನೀರು, ಎಲ್ಲ ಸೇರಿ ತುದಿಯನ್ನು ಗಾಜಿನ ಹಾಗೆ ನುಣ್ಣಗೆ ಮಾಡಿದ್ದವು. ಹಳೆಯ ಅಚ್ಚು ಕೊಟ್ಟಾಗ ಅವನು ಇನ್ನೂ ಹೊಸ ಕೆಲಸಗಾರ.

"ಗಾರೆ ಕೆಲಸದವರಿಗೆ ಹೀಗೇ ಆಗುತ್ತೆ" ಎಂದಳು ಹುಡುಗಿ. "ಎರಡು ತಿಂಗಳು ಸಿಮೆಂಟ್ ಮುಟ್ಟಬೇಡಿ. ರಾತ್ರಿ ಮುಲಾಮು ಹಚ್ಚಿ ಮಲ್ಕೊಳ್ಳಿ. ಚರ್ಮ ಬೆಳೆದು ಗೆರೆ ತಾನಾಗೇ ಬರುತ್ತೆ. ಅಲ್ಲೀವರೆಗೂ ಅರ್ಜಿ ನಮ್ಮಲ್ಲೇ ಇರುತ್ತೆ. ಏನಾದ್ರೂ ತಿದ್ದೋದಿದ್ರೆ ಬೆರಳು ಕೊಡೋ ದಿನದವರೆಗೂ ತಿದ್ದಬಹುದು. ಆಮೇಲೆ ಆಗಲ್ಲ."

ಸುದ್ದಿ ಕೇಳಿ ಟೈ ಕುರ್ಚಿಯಿಂದ ಎದ್ದೇಬಿಟ್ಟ. "ಬಾಸ್! ನಿನ್ನ ಹಳೇ ಲೆಕ್ಕನ ದೇವರೇ ಒರೆಸಿ ಹಾಕಿದಾನಲ್ಲೋ! ಮುಲಾಮು ಗಿಲಾಮು ಏನೂ ಬೇಡ. ಇನ್ನೆರಡು ಸಲ ಹೋಗು, ಎರಡು ಸಲಾನೂ ಕೆಂಪು ದೀಪ ಬರ್ಲಿ. ಆಮೇಲೆ 'ಬೆರಳು ಸವೆದಿದೆ' ಅಂತ ಬರೆದು ಹಾಗೇ ಕಳಿಸ್ತಾರೆ. ಬೆರಳೇ ಇಲ್ಲ ಅಂದ್ಮೇಲೆ ಹಳೇದಕ್ಕೆ ಯಾವುದನ್ನ ಹೋಲಿಸಿ ನೋಡ್ತಾರೆ?"

ಅತ್ತ ಹೆಂಡತಿಗೆ ಕೌಂಟರಿನ ಹುಡುಗಿ ಹೇಳಿದ್ದೇ ವೇದವಾಯಿತು. ಕಾರ್ಖಾನೆಯಿಂದ ಬಂದ ಕೂಡಲೇ ವೀಡಿಯೋ ಕರೆ ಮಾಡುವಳು. ತಲೆಗೆ ಕಟ್ಟಿದ ಬಲೆ ಟೋಪಿಯನ್ನೂ ತೆಗೆದಿರುತ್ತಿರಲಿಲ್ಲ.

"ಎಲ್ಲಿ, ತೋರ್ಸಿ ಕೈ. ಹತ್ರ ತನ್ನಿ. ಅಯ್ಯೋ, ಕ್ಯಾಮರಾಗೆ ಚುಚ್ಚೋಕೆ ಹೇಳಿಲ್ಲ. ಹೆಬ್ಬೆರಳಲ್ಲಿ ಏನೋ ಕಾಣ್ತಿದೆ ಅಲ್ವಾ? ಅತ್ತಿಗೆ, ನೀವು ನೋಡಿ ಹೇಳಿ, ಅವರ ಮಾತು ನಂಬಲ್ಲ ನಾನು."

"ಕಾಣ್ತಿದೆ ಕಣೇ. ನೂಲಿನಷ್ಟು."

"ನೂಲು ಬಂದ್ರೆ ಬಟ್ಟೆ ಬಂದ ಹಾಗೆ!" ಎಂದು ನಗುವಳು.

ಗಂಡನ ಬೆರಳಲ್ಲಿ ಗೆರೆ ಮೂಡುವುದನ್ನು ಅವಳು ಬಸುರಿ ಹೊಟ್ಟೆ ನೋಡುವ ಹಾಗೆ ನೋಡುತ್ತಿದ್ದಳು. ಒಂದು ದಿನ ಬಾಗಿಲು ಮುಚ್ಚಿ ಅದರ ಹಿಂದಿನ ಮೊಳೆಗಳನ್ನು ತೋರಿಸಿದಳು. ಖಾಲಿ ಮೊಳೆಗೆ ಕೊಂಡು ತಂದ ಒಂದು ಗಂಡಸರ ಕೋಟು ನೇತು ಹಾಕಿದ್ದಳು. ತೋಳಿನ ಉದ್ದ ಹೆಚ್ಚಿದೆ ಎಂದು ನನಗೆ ನೋಡಿದ ಕೂಡಲೇ ತಿಳಿಯಿತು, ಹೇಳಲಿಲ್ಲ.

ತಮ್ಮನಿಗೆ ಕೆಲಸವಿಲ್ಲ. ಕೈ ಖಾಲಿ ಇರಬಾರದು ಎಂದು ಅಂಗಡಿಯಲ್ಲಿ ಹೊಲಿದ ಅಂಗಿ ಮಡಿಸಲು ಕೂರಿಸಿದೆ. ಒಂದು ವಾರದಲ್ಲಿ ಬಿಳಿ ಕಾಲರ್‌ಗಳ ಮೇಲೆ ಕಂದು ಕಲೆ ಕಾಣಿಸತೊಡಗಿತು. ಯಂತ್ರದ ತುಕ್ಕು ಎಂದುಕೊಂಡೆ. ಬಿಚ್ಚಿ, ಎಣ್ಣೆ ಹಾಕಿ, ಒರೆಸಿದೆ. ಮತ್ತೆ ಕಲೆ. ಮಾರನೆಯ ಬೆಳಿಗ್ಗೆ ಬಚ್ಚಲಿನಿಂದ ಸರಸರ ಸದ್ದು ಕೇಳಿಸಿತು. ಬಟ್ಟೆ ಒಗೆಯುವ ಸದ್ದಲ್ಲ ಅದು. ಬಾಗಿಲು ತಳ್ಳಿದೆ.

ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಟೈಲ್ಸ್ ಅಂಚು ನುಣುಪು ಮಾಡುವ ಪಾಲಿಶ್ ಕಲ್ಲಿನ ಮೇಲೆ ಬೆರಳು ಉಜ್ಜುತ್ತಿದ್ದ.

"ಏನೋ ಇದು?"

"ಕೈಗೆ ಸಿಮೆಂಟ್ ಮೆತ್ಕೊಂಡಿತ್ತು, ಬಿಡಿಸ್ತಿದ್ದೆ."

"ಸಿಮೆಂಟ್ ಮುಟ್ಟಿ ತಿಂಗಳಾಯ್ತು ನೀನು. ಕೈ ತೋರ್ಸು."

ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ನಾಲ್ಕು ಬೆರಳ ತುದಿ ಕಿತ್ತು ರಕ್ತ ಜಿನುಗುತ್ತಿತ್ತು. ನಾನು ಕಲ್ಲನ್ನು ಕಿತ್ತುಕೊಂಡು ಗೋಡೆಯಾಚೆ ಎಸೆದೆ.

"ಗೆರೆ ಬರ್ತಿದೆ ಅಕ್ಕಾ" ಎಂದ. ಧ್ವನಿ ಮಗುವಿನದಾಗಿತ್ತು. "ಬೆಳಿಗ್ಗೆ ಎದ್ದು ನೋಡಿದ್ರೆ ಇನ್ನೊಂದು ಬಂದಿರುತ್ತೆ. ಅವಳು ಅಲ್ಲಿ ಕುಣೀತಾಳೆ, ನಂಗೆ ಇಲ್ಲಿ ಜೀವ ಹೋಗುತ್ತೆ. ಗೆರೆ ಬಂದ್ರೆ ಸಿಕ್ಕಿಹಾಕ್ಕೊಳ್ತೀನಿ. ಗೆರೆ ಬರದಿದ್ರೆ ತಾನೇ ನಾನು ಹೋಗೋದು? ಹೋಗದಿದ್ರೆ ಅವಳು ಬಿಟ್ಟುಬಿಡ್ತಾಳೆ. ನಾನೇನು ಮಾಡ್ಲಿ? ನೀನೇ ಹೇಳು, ಏನು ಮಾಡ್ಲಿ?"

ನಾನು ಅವನ ಕೈ ನೀರಲ್ಲಿ ತೊಳೆದೆ. ಅಸ್ತರಿನ ಬಟ್ಟೆ ಹರಿದು ಸುತ್ತಿದೆ. ಸುತ್ತುತ್ತಾ ಕೇಳಿದೆ.

"ಅರ್ಜಿಲಿ ನಿನ್ನೊಬ್ಬನ ಸಹಿ ಇದೆಯಾ?"

"ಅವಳದ್ದೂ ಇದೆ. ಕರೆಸ್ಕೊಳ್ಳೋಳು ಅವಳು ತಾನೇ."

"ಏನಂತ ಸಹಿ ಹಾಕಿದಾಳೆ?"

"ಬರೆದಿದ್ದೆಲ್ಲ ನಿಜ ಅಂತ."

"ಹಾಗಾದ್ರೆ ಮುಳುಗೋ ದೋಣಿಗೆ ಅವಳನ್ನೂ ಹತ್ತಿಸಿದೀಯ. ನೀನು ಈಜ್ತೀಯೋ ಮುಳುಗ್ತೀಯೋ ನಿನ್ನಿಷ್ಟ. ಅವಳಿಗೆ ದೋಣಿಲಿ ತೂತಿದೆ ಅಂತಾದ್ರೂ ಹೇಳೋ."

ಅವನು ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅವಳ ಹೊತ್ತಾಗಿತ್ತು. ನಾನು ಫೋನು ತಂದು ಅವನೆದುರು ಬಕೆಟ್ಟಿಗೆ ಒರಗಿಸಿ ನಿಲ್ಲಿಸಿದೆ. ಹೊರಗೆ ಹೋಗಬೇಕೆಂದಿದ್ದೆ. ಅವನು ನನ್ನ ಸೆರಗು ಹಿಡಿದುಕೊಂಡ.

"ಇದೇನ್ರೀ, ಬಚ್ಚಲಲ್ಲಿ ಕೂತಿದೀರ? ಕೈಗೇನಾಯ್ತು? ಕೆಲ್ಸಕ್ಕೆ ಹೋಗಿದ್ರಾ? ಅತ್ತಿಗೆ, ಇವರು ಕೆಲ್ಸಕ್ಕೆ ಹೋಗಿದ್ರಾ? ಎರಡು ತಿಂಗಳು ಸುಮ್ನೆ ಕೂರೋಕೆ ಆಗಲ್ವಾ ಇವರಿಗೆ!"

ಅವನು ಹೇಳಿದ. ನೆಲ ನೋಡಿಕೊಂಡೇ ಹೇಳಿದ. ಕಾಂಟ್ರಾಕ್ಟರ್ ಓಡಿದ್ದು, ಅಡಗಿದ್ದು, ಹಿಡಿದದ್ದು, ಕೈಗೆ ಬೇಡಿ ಹಾಕಿ ವಿಮಾನಕ್ಕೆ ಹತ್ತಿಸಿದ್ದು, ಅರ್ಜಿಯಲ್ಲಿ ಟೈ 'ಇಲ್ಲ' ಎಂದು ಹಾಕಿದ ಗುರುತು, ಕಲ್ಲು. ಅವಳ ಕೋಣೆಯಲ್ಲಿ ನೀರಿನ ಕೆಟಲ್ ಕುದಿದು ಸಿಳ್ಳೆ ಹಾಕತೊಡಗಿತು. ಅವಳು ಅದನ್ನು ಆರಿಸಲು ಏಳಲಿಲ್ಲ. ಇವನ ಮಾತು ಮುಗಿದ ಮೇಲೂ ಆ ಸಿಳ್ಳೆ ಕೇಳುತ್ತಲೇ ಇತ್ತು.

ಅವಳು ಒಂದೇ ಪ್ರಶ್ನೆ ಕೇಳಿದಳು. "ಅಕ್ಕ ಕಳಿಸಲ್ಲ ಅಂತಾಳೆ, ಅವಳಿಗೆ ನಾನೊಬ್ಬನೇ ದಿಕ್ಕು ಅಂತ ವರ್ಷಾ ವರ್ಷಾ ಹೇಳ್ತಿದ್ರಲ್ಲ, ಅದು?"

"ಸುಳ್ಳು" ಎಂದ ತಮ್ಮ.

ಫೋನು ಕಪ್ಪಾಯಿತು.

ಆ ಮೇಲೆ ಅವಳ ಕರೆ ಬರಲಿಲ್ಲ. ಇವನು ಮಾಡಿದರೆ ಎತ್ತಲಿಲ್ಲ. ಮೊದಲೆರಡು ದಿನ ಫೋನನ್ನು ಬಾಬಿನ್ ಡಬ್ಬದ ಪಕ್ಕ ಇಟ್ಟುಕೊಂಡು ಕಾದ. ಆಮೇಲೆ ಅಂಗಡಿಯಲ್ಲಿ ಮಟ್ಟ ನೋಡದ ವಸ್ತುವಿಲ್ಲ. ಕನ್ನಡಿ, ಮಣೆ, ಗಿರಾಕಿಗಳು ಕೂರುವ ಬೆಂಚು. ಬೆಂಚಿನಲ್ಲಿ ಗಿರಾಕಿ ಕೂತಿರುವಾಗಲೂ ನೋಡಿದ. "ಸ್ವಲ್ಪ ಎಡಕ್ಕೆ ಭಾರ ಬಿಡ್ಬೇಡಿ ಸಾರ್" ಎಂದ. ಗಿರಾಕಿ ನನ್ನ ಮುಖ ನೋಡಿದ. ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುವನು. ಕತ್ತರಿಗಳನ್ನು ನಾನು ಸಂಜೆ ಎಣಿಸಿ ಬೀಗ ಹಾಕತೊಡಗಿದೆ.

ಬೆರಳಿನ ಗಾಯ ಮಾತ್ರ ಅವನ ಮನಸ್ಸು ಕೇಳದೆ ತನ್ನ ಪಾಡಿಗೆ ಒಣಗುತ್ತಿತ್ತು.

"ಬೆರಳು ಕೊಡೋ ದಿನ ನಾನು ಹೋಗಲ್ಲ ಅಕ್ಕಾ" ಎಂದ ಒಂದು ಮಧ್ಯಾಹ್ನ. "ಯಾರಿಗಂತ ಹೋಗ್ಲಿ?"

ಅದರ ಮಾರನೆಯ ದಿನ ಅವಳು ಕರೆ ಮಾಡಿದಳು. ಅವನಿಗಲ್ಲ, ನನಗೆ. ನಾನು ಬಟ್ಟೆ ಕತ್ತರಿಸುತ್ತಿದ್ದವಳು ಹೊರಗೆ ಜಗಲಿಗೆ ಬಂದೆ.

"ಅಕ್ಕಾ" ಎಂದಳು. ಆರು ವರ್ಷದ ಮೇಲೆ ಮತ್ತೆ ಅಕ್ಕ.

"ಹೇಳೇ."

"ನಾನು ನಿಮ್ಮನ್ನ ಎಷ್ಟು ಬೈಕೊಂಡಿದೀನಿ ಗೊತ್ತಾ? ಪ್ರತಿ ಬ್ರೆಡ್ಡಿಗೂ ಒಂದು ಬೈಗುಳ ಸೇರಿಸಿ ಪ್ಯಾಕ್ ಮಾಡಿದೀನಿ. ಈ ಊರಲ್ಲಿ ಎಷ್ಟೋ ಜನ ನಿಮಗೆ ಹಾಕಿದ ಶಾಪ ತಿಂದಿದಾರೆ."

"ಅದಕ್ಕೇ ಇರ್ಬೇಕು, ನನಗೆ ಮಂಡಿ ನೋವು ಹೋಗೇ ಇಲ್ಲ."

ಅವಳು ನಕ್ಕಳು. ನಗು ಮಧ್ಯದಲ್ಲಿ ಅಳುವಾಯಿತು. ನಾನು ತಡೆಯಲಿಲ್ಲ. ನೂಲಿನ ಸಿಕ್ಕು ಎಳೆದರೆ ಬಿಗಿಯುತ್ತದೆ, ಬಿಟ್ಟರೆ ತಾನೇ ಸಡಿಲವಾಗುತ್ತದೆ.

"ಐದು ವರ್ಷ ಅಕ್ಕಾ! ಇವರಿಗೆ ನಾನು ಬೇಡ ಅಂದ್ಕೊಂಡಿದ್ದೆ. ಬೇರೆ ಯಾರೋ ಇದಾಳೆ ಅಂದ್ಕೊಂಡಿದ್ದೆ. ಹಿಡಿದು ಕಳಿಸಿದ್ರು ಅಂದಿದ್ರೆ ನಾನೇನು ಮಾಡ್ತಿದ್ದೆ? ಇಲ್ಲಿ ನನ್ನ ಲೈನಲ್ಲಿ ಕೆಲಸ ಮಾಡೋ ಅರ್ಧ ಜನರ ಮನೇಲಿ ಯಾರಾದ್ರೂ ಒಬ್ಬರು ಹಾಗೆ ಸಿಕ್ಕಿಬಿದ್ದೋರೇ. ಕಳ್ಳತನ ಮಾಡಿದ್ರಾ? ದುಡಿದ್ರು. ಹೇಳೋಕೇನಾಗಿತ್ತು?"

"ಹೆದರಿದ ಕಣೇ. ಹೆದರೋದು ಅವನಿಗೆ ಅಭ್ಯಾಸ ಆಗಿಹೋಯ್ತು."

"ನನ್ನ ಜೊತೆ ಪ್ಯಾಕ್ ಮಾಡ್ತಿದ್ದೋಳ ಗಂಡ ಇದೇ ತರ ಸುಳ್ಳು ಬರೆದಿದ್ದ. ಅವನಿಗೂ ಬಾಗಿಲು ಮುಚ್ಚಿತು, ಇವಳ ಪರ್ಮಿಟ್ಟೂ ಹೋಯ್ತು. ಸುಳ್ಳು ಬೇಡ. ನಿಜ ಬರೆಯೋಕೆ ಹೇಳಿ. ಆಗಲ್ಲ ಅಂದ್ರೆ ಆಗಲ್ಲ ಅನ್ನಲಿ, ನಾನು ಎದ್ದು ಬಂದುಬಿಡ್ತೀನಿ. ಈ ಕೆಲಸ ಬಿಟ್ಟು ಬಂದ್ರೆ ನಾಳೆ ಏನು ತಿಂತೀವೋ ಗೊತ್ತಿಲ್ಲ. ಆದ್ರೆ ಇನ್ನೊಂದು ಸಲ ಸುಳ್ಳು ಹೇಳಿದ್ರೆ ನಾನು ಇಲ್ಲ, ಅಷ್ಟು ಹೇಳಿ."

"ನೀನೇ ಹೇಳ್ಬಾರ್ದಾ?"

"ಇನ್ನೂ ಸಿಟ್ಟಿದೆ. ಸಿಟ್ಟು ಇಳಿದ್ಮೇಲೆ ಮಾಡ್ತೀನಿ. ಗಾಯ ವಾಸಿ ಆಯ್ತಾ ಅವರಿಗೆ?"

"ಆಗ್ತಿದೆ."

"ಮುಲಾಮು ಹಚ್ತಿದಾರಾ?"

ಅವಳ ಸಿಟ್ಟು ಎಷ್ಟಿದೆ ಎಂದು ನನಗೆ ಅಲ್ಲಿಗೆ ತಿಳಿಯಿತು.

ಟೈಗೆ ಹೇಳಿದಾಗ ಅವನು ಕೈ ಚೆಲ್ಲಿದ. "ಬಾಸ್, ಗುಂಡಿಗೆ ನೀನೇ ಹಾರಿದ್ರೆ ನಾನು ಜವಾಬ್ದಾರನಲ್ಲ. ದುಡ್ಡು ವಾಪಸ್ ಇಲ್ಲ." ವಾಪಸ್ ಬರುತ್ತದೆಂದು ನಾವು ಎಣಿಸಿರಲೂ ಇಲ್ಲ.

ಬೆರಳು ಕೊಡುವ ದಿನ ತಮ್ಮ ಹಸಿರು ದೀಪಕ್ಕೆ ಕಾಯದೆ, ಮೊದಲೇ ಕೌಂಟರಿನ ಹುಡುಗಿಗೆ ಅರ್ಜಿ ತಿದ್ದುವುದಿದೆ ಎಂದ. ಅವಳು ಒಂದು ಬಿಳಿ ಹಾಳೆ ಕೊಟ್ಟಳು. ಬೋಲ್ಟ್ ಹಾಕಿದ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಹಾಳೆ ಇಟ್ಟು, ಎಲ್ಲ ಬರೆದ. ಬರೆಯುತ್ತಾ ಹೋದ ಹಾಗೆ ಸಾಲು ವಾರೆ ಹೋಯಿತು. ಹರಿದು ಹಾಕಿ ಇನ್ನೊಂದು ಹಾಳೆ ಕೇಳಲು ಎದ್ದವನನ್ನು ನಾನು ಕೂರಿಸಿದೆ.

"ವಾರೆ ಇರ್ಲಿ. ನಿಜ ಇದ್ರೆ ಸಾಕು."

ಗಾಜಿನ ಮೇಲೆ ಬೆರಳಿಟ್ಟ. ಒಂದೊಂದೇ ಹಸಿರು ಬಂತು. ಹುಡುಗಿ "ಬೆಳೆದ್ವಲ್ಲ ಅಣ್ಣಾ!" ಎಂದು ಖುಷಿಪಟ್ಟಳು. ಇವನ ಮುಖ ಸುಣ್ಣವಾಗಿತ್ತು. ಒಂಬತ್ತು ವರ್ಷದ ಹಿಂದೆ ಹೀಗೇ ಒಂದು ಮೇಜಿನ ಮುಂದೆ ನಿಂತಿದ್ದವನು, ಮತ್ತೆ ನಿಂತಿದ್ದ. ಆಗ ಬಲವಂತಕ್ಕೆ ಕೊಟ್ಟಿದ್ದ, ಈಗ ತಾನಾಗಿ ಕೊಟ್ಟ.

ಬಳಿಕ ವಾರಗಟ್ಟಲೆ ಸುದ್ದಿಯಿಲ್ಲ. ಅವನು ಕೆಲಸಕ್ಕೆ ಹೋಗಲಾರ, ಗೆರೆ ಮತ್ತೆ ಕೇಳಿದರೆ ಎಂಬ ಭಯ. ಅವಳು ಮಾತಾಡುತ್ತಿದ್ದಳು, ಆದರೆ ಅಳೆದು ಕತ್ತರಿಸಿದ ಹಾಗೆ. ಊಟ ಆಯ್ತಾ, ಆಯ್ತು, ಇಡ್ತೀನಿ. ಕೊನೆಗೆ ಸಂದರ್ಶನಕ್ಕೆ ಕರೆದರು. ನನ್ನನ್ನು ಒಳಗೆ ಬಿಡಲಿಲ್ಲ. ರಸ್ತೆಯಾಚೆ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು, ಒಂದು ಪ್ಯಾಂಟಿನ ಅಂಚನ್ನು ಕೈಯಲ್ಲೇ ಹೊಲಿಯುತ್ತಾ ಕಾದೆ. ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ.

ಅವನು ಹೊರಗೆ ಬಂದು ರಸ್ತೆ ದಾಟುವಾಗ ಎಡ ಬಲ ನೋಡಲಿಲ್ಲ. ಸ್ಕೂಟರಿನವನೊಬ್ಬ ಬೈದುಕೊಂಡು ಹೋದ. ಬಂದು ನನ್ನ ಪಕ್ಕ ಕೂತ.

"ಏನಾಯ್ತೋ?"

"ಅಧಿಕಾರಿ ಹಳೇ ಕಡತ ತೆಗೆದ. ನನ್ನ ಫೋಟೋ ಇತ್ತು ಅಕ್ಕಾ ಅದ್ರಲ್ಲಿ. ಎಷ್ಟು ಚಿಕ್ಕವನಿದ್ದೆ. ನೀನು ಸಹಿ ಹಾಕಿದ ಕಾಗದ ಓದಿಲ್ವಾ ಅಂತ ದುಭಾಷಿ ಕೈಲಿ ಕೇಳಿಸಿದ. ಆ ಭಾಷೆ ನಂಗೆ ಬರಲ್ಲ ಅಂದೆ."

"ಮತ್ತೆ?"

"ಐದು ವರ್ಷ ಅಂತ ಬರೆದಿದೆಯಂತೆ."

"ಏನು ಐದು ವರ್ಷ?"

"ಶಿಕ್ಷೆ. ಬರೀ ಐದು ವರ್ಷ ಬರೋ ಹಾಗಿಲ್ಲ ಅಂತ. ಅದು ಮುಗಿದೇ ನಾಲ್ಕು ವರ್ಷ ಆಯ್ತಂತೆ." ಅವನು ನಗತೊಡಗಿದ. ಹಾಗೆ ನಗುವುದನ್ನು ನಾನು ಹಿಂದೆ ನೋಡಿರಲಿಲ್ಲ, ಮುಂದೆ ನೋಡುವುದೂ ಬೇಡ. "ಬಾಗಿಲು ತೆಗೆದೇ ಇತ್ತು ಅಕ್ಕಾ. ನಾಲ್ಕು ವರ್ಷದಿಂದ ತೆಗೆದೇ ಇತ್ತು. ನಾನು ಹೊರಗೆ ನಿಂತು ಬೆರಳು ಉಜ್ಜಿಕೊಳ್ತಿದ್ದೆ."

ಕೂಡಿ ಹಾಕಿದ ಕೋಣೆಯಲ್ಲಿ ಎಲ್ಲ ಕಂಡವನಂತೆ ಮಾತಾಡಿದ ಆ ಹಿರಿಯ ಗಾರೆಯವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಅವನಿಗೂ ಯಾರೋ ಹಾಗೇ ಹೇಳಿರಬೇಕು. ಓದಲು ಬಾರದ ಕಾಗದ ಕೈಗೆ ಬಂದಾಗ ನಮ್ಮಂಥವರು ಪಕ್ಕದಲ್ಲಿ ಕೂತವನನ್ನೇ ಕೇಳುವುದು, ಅವನೂ ನಮ್ಮ ಹಾಗೇ ಕೂತವನು ಎನ್ನುವುದು ನೆನಪಿರುವುದಿಲ್ಲ.

ನಿಜ ಬರೆದದ್ದಕ್ಕೆ ಅಧಿಕಾರಿ ಒಳ್ಳೆಯ ಮಾತೇನೂ ಆಡಲಿಲ್ಲವಂತೆ. ತಿದ್ದಿದ ಹಾಳೆಯನ್ನೂ ಹಳೆಯ ಕಾಗದವನ್ನೂ ಅಕ್ಕಪಕ್ಕ ಇಟ್ಟು ನೋಡಿ, ಹೊಂದುತ್ತದೆ ಎಂದಷ್ಟೇ ಹೇಳಿದನಂತೆ.

ವೀಸಾ ಬಂತು.

ಟಿಕೆಟ್ಟಿಗೆ ಏನು ಮಾರಿದೆ ಎಂದು ಹೇಳುವುದಿಲ್ಲ, ಮಾರಲು ಹೆಚ್ಚೇನೂ ಉಳಿದಿರಲಿಲ್ಲ. ಹೊರಡುವ ಬೆಳಿಗ್ಗೆ ಅವನು ನನ್ನ ಮೇಜಿನ ಕಾಲಿನ ರಟ್ಟನ್ನು ತೆಗೆದು, ಅಳತೆಗೆ ಕತ್ತರಿಸಿದ ಮರದ ತುಂಡೊಂದನ್ನು ಕೂರಿಸಿ ಹೋದ.

ಇದಾಗಿ ಎರಡು ವರ್ಷ. ಮೊನ್ನೆ ಅವಳು ಫೋನ್ ಮಾಡಿದ್ದಳು. ಅವನು ಅಲ್ಲಿ ಮತ್ತೆ ಟೈಲ್ಸ್ ಕೆಲಸ ಹಿಡಿದಿದ್ದಾನೆ, ಈ ಸಲ ಕಾಗದ ಪತ್ರ ಎಲ್ಲ ಇಟ್ಟುಕೊಂಡು. ಬೆರಳು ಮತ್ತೆ ಸವೆಯುತ್ತಿದೆಯಂತೆ. ಕೋಟಿನ ತೋಳು ಉದ್ದವಾಗಿತ್ತು, ಅವಳೇ ಮೊಟಕು ಮಾಡಿಕೊಟ್ಟಳಂತೆ. ಇಬ್ಬರೂ ಮೂರು ಸಲ ಡಾಕ್ಟರ ಹತ್ತಿರ ಹೋಗಿ ಬಂದರಂತೆ. ನಾಲ್ಕು ವರ್ಷ ಮೊದಲು ಬಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಹೇಳಿದರಂತೆ. ಅವಳು ಅದನ್ನು ಅಳದೆ ಹೇಳಿದಳು. ಹಿಂದೆ ಅವನು ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

ಮಗು ಆಗಲಿಲ್ಲ, ಇನ್ನು ಆಗುವುದಿಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿದ್ದಾರೆ, ಎರಡು ಮೊಳೆಯಲ್ಲೂ ಕೋಟು ಇದೆ. ನನ್ನ ಅಂಗಡಿಯಲ್ಲಿ ಈಗ ಒಂದೇ ಯಂತ್ರ, ಮೇಜು ಮಾತ್ರ ಸಮ ಇದೆ.